ಬಂದೂಕು ಕಾರ್ಖಾನೆಗಳು ದಕ್ಷಿಣಕ್ಕೆ ಹೊರಟಿದ್ದೇಕೆ?

2024ರ ಮಾರ್ಚ್ ಮೊದಲ ವಾರದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಲಿಯನ್ ಎಂಬ ಸಣ್ಣ ಊರಿನಲ್ಲಿ ರೆಮಿಂಗ್ಟನ್ ಬಂದೂಕು ಕಾರ್ಖಾನೆಗೆ ಬೀಗ ಬಿತ್ತು. ಕಂಪನಿ ಹುಟ್ಟಿದ್ದು 1816ರಲ್ಲಿ. 1828ರಿಂದ ಅದು ಇಲಿಯನ್‌ನಲ್ಲಿತ್ತು, ಈರಿ ಕಾಲುವೆಯ ಪಕ್ಕದಲ್ಲಿ. ನಮ್ಮಲ್ಲಿ ಟೈಪಿಂಗ್ ಕಲಿತ ಹಿಂದಿನ ತಲೆಮಾರಿಗೂ ಈ ಹೆಸರು ಗೊತ್ತು. 1870ರ ದಶಕದಲ್ಲಿ ರೆಮಿಂಗ್ಟನ್ ಟೈಪ್‌ರೈಟರ್ ತಯಾರಾಗಲು ಶುರುವಾಗಿದ್ದು ಇದೇ ಊರಿನಲ್ಲಿ, ಇದೇ ಕಂಪನಿಯ ಕೈಯಲ್ಲಿ. ಬಂದೂಕಿನ ಬಿಡಿಭಾಗಗಳನ್ನು ಅಷ್ಟು ನಿಖರವಾಗಿ ಕೊರೆಯುತ್ತಿದ್ದ ಕೈಗಳಿಗೆ ಟೈಪ್‌ರೈಟರ್ ಮಾಡುವುದು ಕಷ್ಟವಾಗಲಿಲ್ಲ.

ಆ ಕಂಪನಿ ಈಗ ಜಾರ್ಜಿಯಾ ರಾಜ್ಯದ ಲಾಗ್ರೇಂಜ್‌ಗೆ ಹೋಗಿದೆ. ನ್ಯೂಯಾರ್ಕಿನ ಕಾನೂನುಗಳು ನಮ್ಮ ಉದ್ಯಮಕ್ಕೆ ವಿರುದ್ಧವಾಗಿವೆ, ಜಾರ್ಜಿಯಾ ನಮ್ಮನ್ನು ಸ್ವಾಗತಿಸುತ್ತದೆ ಎಂದು ಕಂಪನಿ ಕಾರಣ ಕೊಟ್ಟಿತು. ಕೆಲಸ ಕಳೆದುಕೊಂಡವರು ಮುನ್ನೂರರ ಹತ್ತಿರ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಅಮೆರಿಕದ ಈಶಾನ್ಯ ಭಾಗದಿಂದ ಇಂಥ ಸುದ್ದಿಗಳು ಒಂದರ ಹಿಂದೆ ಒಂದು ಬಂದಿವೆ. ಬೆರೆಟ್ಟಾ ಟೆನೆಸಿಗೆ ಹೋಯಿತು. ಈಶಾನ್ಯದ್ದಲ್ಲದಿದ್ದರೂ, ಕೊಲರಾಡೊದಲ್ಲಿದ್ದ ಮ್ಯಾಗ್‌ಪುಲ್ ಎಂಬ ಬಂದೂಕು ಬಿಡಿಭಾಗಗಳ ಕಂಪನಿ ವಯೋಮಿಂಗ್ ಮತ್ತು ಟೆಕ್ಸಸ್‌ಗೆ ಹೋಯಿತು. ಸ್ಮಿತ್ ಅಂಡ್ ವೆಸನ್ ಕೂಡ ಟೆನೆಸಿ ದಾರಿ ಹಿಡಿಯಿತು. ಪ್ರತಿ ಸಲವೂ ಸುದ್ದಿಯ ಶೀರ್ಷಿಕೆ ಹೆಚ್ಚುಕಡಿಮೆ ಒಂದೇ: ಬಿಗಿ ಕಾನೂನು ತಂದರು, ಕಾರ್ಖಾನೆ ಹೋಯಿತು.

ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಕಥೆ ಮಾತ್ರ. ಉಳಿದ ಅರ್ಧದಲ್ಲಿ ಕೂಲಿ ಇದೆ, ಯೂನಿಯನ್ ಇದೆ, ಜನರ ತೆರಿಗೆ ಹಣ ಇದೆ. ಆ ಅರ್ಧವನ್ನು ಯಾರೂ ಹೇಳದಿದ್ದರೆ ಇಲಿಯನ್‌ನಂಥ ಊರುಗಳಿಗೆ ಆದ ಅನ್ಯಾಯ ಅರ್ಥವಾಗುವುದಿಲ್ಲ ಎಂದು ನನಗೆ ಅನಿಸುತ್ತದೆ.

ಬಂದೂಕಿನ ಕಣಿವೆ

ಮೊದಲು ಇವೆಲ್ಲ ಈಶಾನ್ಯದಲ್ಲೇ ಯಾಕಿದ್ದವು ಎಂಬುದನ್ನು ನೋಡೋಣ.

ಮಸಾಚುಸೆಟ್ಸ್ ಮತ್ತು ಕನೆಕ್ಟಿಕಟ್ ರಾಜ್ಯಗಳ ಮೂಲಕ ಕನೆಕ್ಟಿಕಟ್ ನದಿ ಹರಿಯುತ್ತದೆ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಶಸ್ತ್ರ ಕೂಡಿಡಲು ಸುರಕ್ಷಿತ ಜಾಗ ಬೇಕಿತ್ತು. ನದಿಯಲ್ಲಿ ಶತ್ರುಗಳ ಹಡಗು ಮೇಲೆ ಬರಲಾಗದಷ್ಟು ಒಳನಾಡಿನಲ್ಲಿದ್ದ ಸ್ಪ್ರಿಂಗ್‌ಫೀಲ್ಡ್ ಊರು ಆಯ್ಕೆಯಾಯಿತು. 1794ರಲ್ಲಿ ಅಲ್ಲಿ ಸರ್ಕಾರಿ ಬಂದೂಕು ಕಾರ್ಖಾನೆ ಸ್ಥಾಪನೆಯಾಯಿತು. ಯಂತ್ರ ತಿರುಗಿಸಲು ಹರಿಯುವ ನೀರಿತ್ತು. ಅಕ್ಕಪಕ್ಕದಲ್ಲಿ ಲೋಹದ ಕೆಲಸ ಬಲ್ಲವರಿದ್ದರು.

ಆ ಕಾರ್ಖಾನೆ ಮಾಡಿದ ದೊಡ್ಡ ಕೆಲಸ ಬಂದೂಕಿಗಿಂತ ದೊಡ್ಡದು. ಒಂದು ಬಂದೂಕಿನ ಭಾಗವನ್ನು ತೆಗೆದು ಇನ್ನೊಂದಕ್ಕೆ ಹಾಕಿದರೂ ಸರಿಯಾಗಿ ಕೂರಬೇಕು ಎಂಬ ಹಟ ಅಲ್ಲಿತ್ತು. ಇವತ್ತು ಇದು ನಮಗೆ ಮಾಮೂಲಿ ಸಂಗತಿ. ಆಗ ಪ್ರತಿ ಬಂದೂಕನ್ನೂ ಕಮ್ಮಾರ ಅರದಿಂದ ಉಜ್ಜಿ ಉಜ್ಜಿ ಹೊಂದಿಸಬೇಕಿತ್ತು. ಒಂದೇ ಅಳತೆಯ ಭಾಗಗಳನ್ನು ಯಂತ್ರದಿಂದ ತೆಗೆಯುವ ವಿದ್ಯೆ ಈ ಕಣಿವೆಯಲ್ಲಿ ಪಳಗಿತು. ಥಾಮಸ್ ಬ್ಲಾಂಚರ್ಡ್ ಎಂಬಾತ ಬಂದೂಕಿನ ಮರದ ಹಿಡಿಯಂಥ ವಕ್ರ ಆಕಾರವನ್ನೂ ಯಂತ್ರವೇ ಕೊರೆಯುವ ಲೇತ್ ಮಾಡಿದ. ಅದೇ ವಿದ್ಯೆಯಿಂದ ಹೊಲಿಗೆ ಯಂತ್ರ, ಸೈಕಲ್, ಟೈಪ್‌ರೈಟರ್ ಕಾರ್ಖಾನೆಗಳು ಹುಟ್ಟಿದವು.

ಸ್ಯಾಮ್ಯುಯೆಲ್ ಕೋಲ್ಟ್ ಹಾರ್ಟ್‌ಫರ್ಡ್‌ನಲ್ಲಿ ಪಿಸ್ತೂಲಿನ ಕಾರ್ಖಾನೆ ಕಟ್ಟಿದ. ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ 1852ರಲ್ಲಿ ಜೊತೆಗೂಡಿದರು, ಮುಂದೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೆಲೆಯಾದರು. ನ್ಯೂ ಹೇವನ್‌ನಲ್ಲಿ ವಿಂಚೆಸ್ಟರ್ ಬೆಳೆಯಿತು. ಅಮೆರಿಕನ್ನರು ಈ ಪ್ರದೇಶವನ್ನು ಬಂದೂಕಿನ ಕಣಿವೆ ಎಂದೇ ಕರೆದರು.

ಅಂದರೆ ಕಾರ್ಖಾನೆಗಳನ್ನು ಇಲ್ಲಿ ಹಿಡಿದಿಟ್ಟಿದ್ದು ಜನರ ಕೈಕಸುಬು. ನಳಿಗೆ ಕೊರೆಯುವವರು, ಉಕ್ಕು ಹದ ಮಾಡುವವರು, ಬಣ್ಣ ಏರಿಸುವವರು. ತಾತ, ಮಗ, ಮೊಮ್ಮಗ ಒಂದೇ ಗೇಟಿನಲ್ಲಿ ಕೆಲಸಕ್ಕೆ ಹೋದ ಮನೆಗಳು ಎಷ್ಟೋ ಇದ್ದವು.

ರಾಜ್ಯಕ್ಕೊಂದು ಕಾನೂನು

ಇಲ್ಲಿ ಭಾರತದ ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಶಸ್ತ್ರಾಸ್ತ್ರ ಕೇಂದ್ರ ಸರ್ಕಾರದ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಕರ್ನಾಟಕಕ್ಕೆ ಒಂದು, ಬಿಹಾರಕ್ಕೆ ಇನ್ನೊಂದು ಎಂದಿಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ವಿನಾಯಿತಿ ಇದೆ, ಕೈಲ್‌ಪೊಳ್ದ್ ದಿನ ಅದಕ್ಕೆ ಪೂಜೆಯೂ ನಡೆಯುತ್ತದೆ. ಆ ವಿನಾಯಿತಿ ಕೂಡ ಬರುವುದು ಕೇಂದ್ರದಿಂದಲೇ. ಕೊನೆಯ ಸಲ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು.

ಅಮೆರಿಕದಲ್ಲಿ ಹಾಗಲ್ಲ. ಬಂದೂಕು ತಯಾರಿಸಲು ಫೆಡರಲ್ ಲೈಸೆನ್ಸ್ ಬೇಕು, ಫೆಡರಲ್ ತೆರಿಗೆ ಕಟ್ಟಬೇಕು. ಅದರ ಮೇಲೆ ಪ್ರತಿ ರಾಜ್ಯವೂ ತನ್ನದೇ ನಿಯಮ ಮಾಡಬಹುದು. ಯಾವ ಬಂದೂಕು ಮಾರಬಹುದು, ಮ್ಯಾಗಜಿನ್‌ನಲ್ಲಿ (ಬಂದೂಕಿಗೆ ಗುಂಡು ತುಂಬುವ ಡಬ್ಬಿ) ಎಷ್ಟು ಗುಂಡು ಇರಬಹುದು, ಸೊಂಟದಲ್ಲಿಟ್ಟುಕೊಂಡು ಓಡಾಡಲು ಪರವಾನಗಿ ಬೇಕೋ ಬೇಡವೋ, ಎಲ್ಲವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆನೆಸಿಯಲ್ಲಿ 2021ರ ಜುಲೈನಿಂದ ಹೆಚ್ಚಿನ ವಯಸ್ಕರು ಪರವಾನಗಿಯೇ ಇಲ್ಲದೆ ಪಿಸ್ತೂಲು ಒಯ್ಯಬಹುದು. ಜಾರ್ಜಿಯಾ 2022ರಲ್ಲಿ ಅದೇ ಹಾದಿ ಹಿಡಿಯಿತು. ಮಸಾಚುಸೆಟ್ಸ್‌ನಲ್ಲಿ ಪರವಾನಗಿ ಪಡೆಯಲು ಪೊಲೀಸರ ಮುಂದೆ ಹೋಗಬೇಕು. ಬಂದೂಕು ಸ್ನೇಹಿ ರಾಜ್ಯ ಎಂಬ ಮಾತು ಬಂದಿರುವುದು ಈ ವ್ಯತ್ಯಾಸದಿಂದ.

ಈ ಎರಡು ಅಮೆರಿಕಗಳ ನಡುವಿನ ಅಂತರ ಒಮ್ಮೆಲೇ ಹಿಗ್ಗಿದ್ದು 2012ರ ಡಿಸೆಂಬರ್ 14ರ ನಂತರ. ಅಂದು ಕನೆಕ್ಟಿಕಟ್‌ನ ನ್ಯೂಟೌನ್‌ನಲ್ಲಿ, ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಗೆ ನುಗ್ಗಿದ ಯುವಕನೊಬ್ಬ 20 ಮಕ್ಕಳನ್ನೂ 6 ಮಂದಿ ದೊಡ್ಡವರನ್ನೂ ಕೊಂದ. ಆರೇಳು ವರ್ಷದ ಮಕ್ಕಳು. ಅವನ ಕೈಯಲ್ಲಿದ್ದದ್ದು ಬುಷ್‌ಮಾಸ್ಟರ್ ರೈಫಲ್. ಬುಷ್‌ಮಾಸ್ಟರ್ ರೆಮಿಂಗ್ಟನ್ ಗುಂಪಿನದೇ ಬ್ರ್ಯಾಂಡ್. ಬಂದೂಕು ಉದ್ಯಮದ ರಾಷ್ಟ್ರೀಯ ಸಂಘದ ಕಚೇರಿಯೂ ಆಗ ಅದೇ ನ್ಯೂಟೌನ್‌ನಲ್ಲಿತ್ತು.

2013ರ ಜನವರಿಯಲ್ಲಿ ನ್ಯೂಯಾರ್ಕ್, ಏಪ್ರಿಲ್‌ನಲ್ಲಿ ಕನೆಕ್ಟಿಕಟ್, ಅದೇ ವರ್ಷ ಮೇರಿಲ್ಯಾಂಡ್ ಮತ್ತು ಕೊಲರಾಡೊ ಬಿಗಿಯಾದ ಕಾನೂನು ತಂದವು. ಕೊಲರಾಡೊ ಬಿಟ್ಟು ಉಳಿದ ಕಡೆ ಸೇನೆಯ ಮಾದರಿಯ ರೈಫಲ್‌ಗಳ ಮಾರಾಟಕ್ಕೆ ತಡೆ ಬಿತ್ತು, ಎಲ್ಲ ಕಡೆಯೂ ಮ್ಯಾಗಜಿನ್ ಗಾತ್ರಕ್ಕೆ ಮಿತಿ ಬಂತು. ತಕ್ಷಣ ದಕ್ಷಿಣದ ಗವರ್ನರ್‌ಗಳು ಕೆಲಸ ಶುರು ಮಾಡಿದರು. ಟೆಕ್ಸಸ್‌ನ ರಿಕ್ ಪೆರ್ರಿ 2013ರ ಜೂನ್‌ನಲ್ಲಿ ಖುದ್ದಾಗಿ ಕನೆಕ್ಟಿಕಟ್‌ಗೆ ಬಂದು ಅಲ್ಲಿನ ಬಂದೂಕು ಕಂಪನಿಗಳ ಬಾಗಿಲು ತಟ್ಟಿದರು. ಆಗ ಸೌತ್ ಕೆರೊಲಿನಾದ ಗವರ್ನರ್ ಆಗಿದ್ದವರು ಪಂಜಾಬಿ ಮೂಲದ ನಿಕ್ಕಿ ಹೇಲಿ. ಕನೆಕ್ಟಿಕಟ್‌ನ ಬ್ರಿಸ್ಟಲ್ ಊರಿನಲ್ಲಿದ್ದ ಪಿಟಿಆರ್ ಎಂಬ ರೈಫಲ್ ಕಂಪನಿ ಅವರ ರಾಜ್ಯಕ್ಕೆ ಬಂತು.

ಮಾರುವುದಕ್ಕೆ ತಡೆ, ಮಾಡುವುದಕ್ಕಲ್ಲ

ಇಲ್ಲೊಂದು ಗಂಟು ಇದೆ. ಬಿಡಿಸದೆ ಮುಂದೆ ಹೋದರೆ ಇಡೀ ವಿಷಯ ತಪ್ಪಾಗಿ ಅರ್ಥವಾಗುತ್ತದೆ.

ಆ ಕಾನೂನುಗಳು ಮುಖ್ಯವಾಗಿ ತಡೆದದ್ದು ಆ ರಾಜ್ಯದೊಳಗಿನ ಮಾರಾಟವನ್ನು. ಅಲ್ಲಿ ತಯಾರಿಸಿ ಹೊರಗೆ ಕಳಿಸುವುದಕ್ಕೆ ಅಡ್ಡಿ ಇರಲಿಲ್ಲ. ಕೊಲರಾಡೊ ಕಾನೂನು 15ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್ ಮಾರಬಾರದು ಎಂದಿತು. ಆದರೆ ತಯಾರಿಸಿ ಬೇರೆ ರಾಜ್ಯಗಳಿಗೆ ಕಳಿಸುವ ಕಂಪನಿಗಳಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇತ್ತು. ಮ್ಯಾಗ್‌ಪುಲ್ ಹಾಗಿದ್ದರೂ ಹೋಯಿತು. ಕಾನೂನು ಪಾಸಾದರೆ ಹೋಗುತ್ತೇವೆ ಎಂದು ಅದು ಮೊದಲೇ ಹೇಳಿತ್ತು. ಮೇರಿಲ್ಯಾಂಡ್ ಕಾನೂನಿನ ಮೊದಲ ಕರಡು ಅಲ್ಲಿನ ಬೆರೆಟ್ಟಾ ಕಾರ್ಖಾನೆಗೆ ನಿಜಕ್ಕೂ ತೊಂದರೆ ಕೊಡುವಂತಿತ್ತು. ಕೊನೆಗೆ ಅದನ್ನು ತಿದ್ದಿ ಸಡಿಲಿಸಲಾಯಿತು. ಬೆರೆಟ್ಟಾ ಕೂಡ ಉಳಿಯಲಿಲ್ಲ. 1526ರಿಂದ ಬಂದ ಇಟಲಿಯ ಕಂಪನಿ ಅದು. 1985ರಿಂದ ಅಮೆರಿಕದ ಸೇನೆಗೆ ಎಂ9 ಪಿಸ್ತೂಲು ಒದಗಿಸುತ್ತಿತ್ತು. ಟೆನೆಸಿಯ ಗ್ಯಾಲಟಿನ್‌ನಲ್ಲಿ 4.5 ಕೋಟಿ ಡಾಲರ್ ಹೂಡಿ ಹೊಸ ಕಾರ್ಖಾನೆ ಕಟ್ಟುವುದಾಗಿ 2014ರ ಜನವರಿಯಲ್ಲಿ ಪ್ರಕಟಿಸಿತು. ಜುಲೈ ಹೊತ್ತಿಗೆ ಮೇರಿಲ್ಯಾಂಡ್‌ನ ತಯಾರಿಕೆಯನ್ನೆಲ್ಲ ಅಲ್ಲಿಗೆ ಸಾಗಿಸುವ ನಿರ್ಧಾರವೂ ಬಂತು.

ಟೆನೆಸಿಗೆ ಹೋದ ಮಾತ್ರಕ್ಕೆ ಬೆರೆಟ್ಟಾ ತನ್ನ ಬಂದೂಕನ್ನು ಮೇರಿಲ್ಯಾಂಡ್‌ನಲ್ಲಿ ಸಲೀಸಾಗಿ ಮಾರಬಹುದೇ? ಇಲ್ಲ. ಮೇರಿಲ್ಯಾಂಡ್ ನಿಯಮ ಅಲ್ಲಿ ಮಾರಾಟವಾಗುವ ಎಲ್ಲ ಬಂದೂಕಿಗೂ ಅನ್ವಯ, ಅದು ಎಲ್ಲೇ ತಯಾರಾಗಲಿ. ಹಾಗಾದರೆ ಜಾಗ ಬದಲಿಸಿದ್ದೇಕೆ?

ಮೊದಲನೆಯದು ಭಯ. ಇವತ್ತು ಮಾರಾಟ ತಡೆದವರು ನಾಳೆ ತಯಾರಿಕೆಯನ್ನೂ ತಡೆಯಬಹುದು ಎಂಬ ಭಯ. ಸ್ಮಿತ್ ಅಂಡ್ ವೆಸನ್ ವಿಷಯದಲ್ಲಿ ಈ ಭಯಕ್ಕೆ ಆಧಾರವಿತ್ತು. ಸೇನಾ ಮಾದರಿಯ ರೈಫಲ್‌ಗಳ ಮಾರಾಟವನ್ನು ಮಸಾಚುಸೆಟ್ಸ್ 1998ರಿಂದಲೇ ತಡೆದಿತ್ತು. 2021ರಲ್ಲಿ ಅಲ್ಲಿನ ಶಾಸನಸಭೆಗೆ ಬಂದ ಮಸೂದೆ ಒಂದು ಹೆಜ್ಜೆ ಮುಂದೆ ಹೋಯಿತು. ಅಂಥ ಬಂದೂಕುಗಳನ್ನು ಸಾಮಾನ್ಯ ಜನರಿಗಾಗಿ ತಯಾರಿಸುವುದೂ ಬೇಡ ಎಂದಿತು. ಇದರ ಹಿಂದೆ ಜನರ ಒತ್ತಾಯ ಇತ್ತು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನರನ್ನು ಕೊಂದ ರೈಫಲ್ ಸ್ಮಿತ್ ಅಂಡ್ ವೆಸನ್ ಮಾಡಿದ್ದು. ಆ ವರ್ಷ ಬೇಸಿಗೆಯಲ್ಲಿ ವಿದ್ಯಾರ್ಥಿಗಳು ವೂಸ್ಟರ್ ನಗರದಿಂದ ಸ್ಪ್ರಿಂಗ್‌ಫೀಲ್ಡ್‌ನ ಕಾರ್ಖಾನೆಯವರೆಗೆ ನಡೆದುಕೊಂಡೇ ಬಂದಿದ್ದರು. ಈ ಮಸೂದೆ ಪಾಸಾದರೆ ನಮ್ಮ ಆದಾಯದ ಶೇಕಡಾ 60ಕ್ಕಿಂತ ಹೆಚ್ಚು ಹೋಗುತ್ತದೆ ಎಂದು ಕಂಪನಿಯ ಮುಖ್ಯಸ್ಥ ಮಾರ್ಕ್ ಸ್ಮಿತ್ ಹೇಳಿದರು. 2021ರ ಸೆಪ್ಟೆಂಬರ್ 30ರಂದು ಮುಖ್ಯ ಕಚೇರಿಯನ್ನು ಟೆನೆಸಿಯ ಮೇರಿವಿಲ್‌ಗೆ ಸಾಗಿಸುವ ಪ್ರಕಟಣೆ ಬಂತು.

ಎರಡನೆಯದು ಕೋರ್ಟು. ಗಿರಾಕಿಯೊಬ್ಬ ಬಂದೂಕಿನಿಂದ ಅಪರಾಧ ಮಾಡಿದರೆ ತಯಾರಕರ ಮೇಲೆ ದಾವೆ ಹೂಡುವಂತಿಲ್ಲ ಎಂದು 2005ರ ಫೆಡರಲ್ ಕಾನೂನು ರಕ್ಷಣೆ ಕೊಟ್ಟಿದೆ. ಆ ರಕ್ಷಣೆಯಲ್ಲಿ ಕೆಲವು ಕಿಂಡಿಗಳಿವೆ. ಸ್ಯಾಂಡಿ ಹುಕ್‌ನಲ್ಲಿ ಸತ್ತವರ ಕುಟುಂಬದವರು ಅಂಥದ್ದೊಂದು ಕಿಂಡಿಯಿಂದ ಒಳಹೊಕ್ಕರು. ಬಂದೂಕಿನ ಜಾಹೀರಾತು ಮಾಡಿದ ರೀತಿಯೇ ಕಾನೂನುಬಾಹಿರ ಎಂದು ಕನೆಕ್ಟಿಕಟ್ ಗ್ರಾಹಕ ಕಾನೂನಿನಡಿ ವಾದಿಸಿದರು. 2022ರ ಫೆಬ್ರುವರಿಯಲ್ಲಿ ರೆಮಿಂಗ್ಟನ್‌ನ ವಿಮಾ ಕಂಪನಿಗಳು 7.3 ಕೋಟಿ ಡಾಲರ್ ಕೊಡಲು ಒಪ್ಪಿದವು. ಇದಕ್ಕೆ ಮೊದಲು, 2021ರ ಆಗಸ್ಟ್‌ನಲ್ಲಿ, ಮೆಕ್ಸಿಕೊ ಸರ್ಕಾರವೇ ಬಾಸ್ಟನ್ ಕೋರ್ಟಿನಲ್ಲಿ ಅಮೆರಿಕದ ಬಂದೂಕು ಕಂಪನಿಗಳ ಮೇಲೆ ದಾವೆ ಹೂಡಿತ್ತು. ನಿಮ್ಮ ಬಂದೂಕುಗಳು ನಮ್ಮ ಮಾದಕವಸ್ತು ಗ್ಯಾಂಗ್‌ಗಳ ಕೈ ಸೇರುತ್ತಿವೆ ಎಂಬುದು ಅದರ ದೂರು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಕಂಪನಿಗಳ ಪರ ತೀರ್ಪು ಕೊಟ್ಟಿತು.

ಇನ್ನೊಂದು ಕಡೆ ಟೆನೆಸಿ ನೋಡಿ. 2023ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್‌ನ ಕವನೆಂಟ್ ಶಾಲೆಯಲ್ಲಿ ಮೂವರು ಮಕ್ಕಳು, ಮೂವರು ದೊಡ್ಡವರು ಗುಂಡಿಗೆ ಬಲಿಯಾದರು. ಸಾವಿರಾರು ಜನ ಶಾಸನಸಭೆಯ ಮುಂದೆ ನಿಂತು ಕಾನೂನು ಬಿಗಿ ಮಾಡಿ ಎಂದು ಕೇಳಿದರು. ಕೆಲವೇ ವಾರಗಳಲ್ಲಿ ಆ ಸಭೆ ಪಾಸು ಮಾಡಿದ್ದು ಬಂದೂಕು ಕಂಪನಿಗಳನ್ನು ದಾವೆಗಳಿಂದ ಇನ್ನಷ್ಟು ಕಾಪಾಡುವ ಮಸೂದೆಯನ್ನು. ಬಂದೂಕು ಸ್ನೇಹಿ ಅನ್ನುವುದು ಎಷ್ಟು ದೂರ ಹೋಗುತ್ತದೆ ಎಂಬುದು ಇದನ್ನು ಓದಿದಾಗ ನನಗೆ ತಟ್ಟಿತು. ಆ ಅಕ್ಟೋಬರ್‌ನಲ್ಲಿ ಮೇರಿವಿಲ್‌ನಲ್ಲಿ ಸ್ಮಿತ್ ಅಂಡ್ ವೆಸನ್‌ನ ಹೊಸ ಕಟ್ಟಡ ಉದ್ಘಾಟನೆಯಾಯಿತು.

ಮೂರನೆಯ ಕಾರಣ ಗಿರಾಕಿ. ಇದು ಹೊರಗಿನವರಿಗೆ ಸುಲಭಕ್ಕೆ ಕಾಣುವುದಿಲ್ಲ. ಅಮೆರಿಕದಲ್ಲಿ ಬಂದೂಕು ಕೊಳ್ಳುವವರಲ್ಲಿ ಬಹಳ ಜನರಿಗೆ ಅದು ಬರೀ ಸಾಮಾನಲ್ಲ, ರಾಜಕೀಯ ನಿಲುವು. 2000ನೇ ಇಸವಿಯ ಮಾರ್ಚ್‌ನಲ್ಲಿ ಸ್ಮಿತ್ ಅಂಡ್ ವೆಸನ್ ಅಧ್ಯಕ್ಷ ಕ್ಲಿಂಟನ್ ಸರ್ಕಾರದ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಪಿಸ್ತೂಲಿಗೆ ಲಾಕ್ ಕೊಡುತ್ತೇವೆ, ಮಾರಾಟದಲ್ಲಿ ಎಚ್ಚರ ವಹಿಸುತ್ತೇವೆ ಎಂಬಂಥ ಮಾತುಗಳು ಅದರಲ್ಲಿದ್ದವು. ಗಿರಾಕಿಗಳು ಸಿಟ್ಟಿಗೆದ್ದು ಬಹಿಷ್ಕಾರ ಹಾಕಿದರು. ವ್ಯಾಪಾರ ಕುಸಿಯಿತು. ಅದರ ಮಾಲೀಕ ಆಗ ಬ್ರಿಟನ್ನಿನ ಟಾಮ್‌ಕಿನ್ಸ್ ಕಂಪನಿ. 1987ರಲ್ಲಿ 11 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡದ್ದನ್ನು 2001ರಲ್ಲಿ 1.5 ಕೋಟಿ ಡಾಲರ್‌ಗೆ, ಸಾಲದ ಹೊರೆಯ ಜೊತೆ, ಮಾರಿ ಕೈತೊಳೆದುಕೊಂಡಿತು. ಆ ಪಾಠವನ್ನು ಈ ಉದ್ಯಮದಲ್ಲಿ ಯಾರೂ ಮರೆತಿಲ್ಲ. ಬಿಗಿ ಕಾನೂನಿನ ರಾಜ್ಯದಲ್ಲೇ ಕೂತು ಅಲ್ಲಿನ ಸರ್ಕಾರಕ್ಕೆ ತೆರಿಗೆ ಕಟ್ಟುವ ಕಂಪನಿಯನ್ನು ಗಿರಾಕಿ ಅನುಮಾನದಿಂದ ನೋಡುತ್ತಾನೆ. ಜಾಗ ಖಾಲಿ ಮಾಡಿದರೆ ಅದೇ ಒಂದು ಜಾಹೀರಾತು.

ಸಂಬಳದ ಲೆಕ್ಕ

ಇನ್ನು ಯಾವ ಪ್ರಕಟಣೆಯಲ್ಲೂ ದೊಡ್ಡಕ್ಷರದಲ್ಲಿ ಬರದ ವಿಷಯಕ್ಕೆ ಬರೋಣ.

ಇಲಿಯನ್‌ನ ಕಾರ್ಮಿಕರು ಗಣಿ ಕಾರ್ಮಿಕರ ರಾಷ್ಟ್ರೀಯ ಯೂನಿಯನ್‌ಗೆ ಸೇರಿದ್ದರು. ಕಾರ್ಖಾನೆಗಳು ಹೋಗಿ ನೆಲೆನಿಂತ ರಾಜ್ಯಗಳನ್ನು ಒಂದೊಂದಾಗಿ ನೋಡಿ: ಟೆನೆಸಿ, ಜಾರ್ಜಿಯಾ, ಅಲಬಾಮ, ಸೌತ್ ಕೆರೊಲಿನಾ, ನಾರ್ತ್ ಕೆರೊಲಿನಾ, ಟೆಕ್ಸಸ್, ವಯೋಮಿಂಗ್. ಇವೆಲ್ಲವೂ ಅಲ್ಲಿನವರು ರೈಟ್ ಟು ವರ್ಕ್ ಎಂದು ಕರೆಯುವ ಕಾನೂನು ಇರುವ ರಾಜ್ಯಗಳು. ಹೆಸರು ಕೇಳಿ ಕೆಲಸದ ಹಕ್ಕು ಎಂದುಕೊಳ್ಳಬೇಡಿ. ಅದರ ಅರ್ಥ ಇಷ್ಟೇ: ಯೂನಿಯನ್ ಹೋರಾಡಿ ತಂದ ಸಂಬಳ, ಸವಲತ್ತು ಎಲ್ಲರಿಗೂ ಸಿಗುತ್ತದೆ, ಆದರೆ ಅದಕ್ಕೆ ಶುಲ್ಕ ಕೊಡಿ ಎಂದು ಯಾರನ್ನೂ ಕಡ್ಡಾಯ ಮಾಡುವಂತಿಲ್ಲ. ದುಡ್ಡು ಬರದ ಯೂನಿಯನ್ ಸೊರಗುತ್ತದೆ. 1947ರ ಫೆಡರಲ್ ತಿದ್ದುಪಡಿ ಈ ದಾರಿ ತೆರೆಯಿತು. ಟೆನೆಸಿ, ಜಾರ್ಜಿಯಾ, ಟೆಕ್ಸಸ್ ಅದೇ ವರ್ಷ ಅದನ್ನು ಹಿಡಿದವು. ಟೆನೆಸಿ 2022ರಲ್ಲಿ ಅದನ್ನು ತನ್ನ ಸಂವಿಧಾನಕ್ಕೇ ಸೇರಿಸಿತು. ಮೇಲಾಗಿ ಟೆನೆಸಿ, ಟೆಕ್ಸಸ್, ವಯೋಮಿಂಗ್‌ಗಳಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ.

ಈ ಗಾಳಿ ಬೀಸಿದ್ದು ಬಂದೂಕಿನಿಂದ ಅಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲೇ ಮಸಾಚುಸೆಟ್ಸ್‌ನ ಬಟ್ಟೆ ಗಿರಣಿಗಳು ದಕ್ಷಿಣಕ್ಕೆ ಹೋದವು. 1980ರ ದಶಕದಲ್ಲಿ ನಿಸ್ಸಾನ್ ಕಾರು ಕಾರ್ಖಾನೆ ಟೆನೆಸಿಗೆ ಬಂತು, 1990ರ ದಶಕದಲ್ಲಿ ಮರ್ಸಿಡಿಸ್ ಅಲಬಾಮಕ್ಕೆ ಬಂತು. ಕಾರಿಗೂ ಬಟ್ಟೆಗೂ ಬಂದೂಕು ಕಾನೂನಿಗೂ ಸಂಬಂಧವಿಲ್ಲ ಅಲ್ವಾ? ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆ ಮುಚ್ಚಿದ್ದು 1968ರಲ್ಲಿ. ನ್ಯೂ ಹೇವನ್‌ನ ವಿಂಚೆಸ್ಟರ್ ಕಾರ್ಖಾನೆ ಮುಚ್ಚಿದ್ದು 2006ರಲ್ಲಿ. ಸ್ಯಾಂಡಿ ಹುಕ್‌ಗೆ ಆರು ವರ್ಷ ಮೊದಲು.

ಇನ್ನೂ ಗಟ್ಟಿ ಸಾಕ್ಷಿ ಇದೆ. 2010ರ ಕೊನೆಗೆ ಸ್ಮಿತ್ ಅಂಡ್ ವೆಸನ್ ತನ್ನ ಥಾಂಪ್ಸನ್ ಸೆಂಟರ್ ಕಾರ್ಖಾನೆಯನ್ನು ನ್ಯೂ ಹ್ಯಾಂಪ್‌ಶೈರ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ತರಲು ತೀರ್ಮಾನಿಸಿತು. ನ್ಯೂ ಹ್ಯಾಂಪ್‌ಶೈರ್ ಈಶಾನ್ಯದಲ್ಲಿದ್ದರೂ ಬಂದೂಕಿನ ವಿಷಯದಲ್ಲಿ ತುಂಬಾ ಸಡಿಲ. ಭಾರತೀಯ ಸೇನೆ 2019ರಲ್ಲಿ 72,400 ಸಿಗ್ 716 ರೈಫಲ್‌ಗಳಿಗೆ ಆರ್ಡರ್ ಕೊಟ್ಟಿತಲ್ಲ, ಆ ಸಿಗ್ ಸಾವರ್ ಕಂಪನಿ ಇರುವುದು ಅದೇ ರಾಜ್ಯದಲ್ಲಿ. ಅಂಥ ರಾಜ್ಯ ಬಿಟ್ಟು ಬಿಗಿ ಕಾನೂನಿನ ಮಸಾಚುಸೆಟ್ಸ್‌ಗೆ ಯಾಕೆ ಬಂದರು? ಅಲ್ಲಿ ಯಂತ್ರಗಳು ಒಂದೇ ಸೂರಿನಡಿ ಸಿಗುತ್ತಿದ್ದವು, ರಾಜ್ಯ ತೆರಿಗೆ ರಿಯಾಯಿತಿಯನ್ನೂ ಕೊಟ್ಟಿತ್ತು. ಮಾರ್ಲಿನ್ ಕಂಪನಿ ಕೂಡ 2011ರಲ್ಲಿ ಕನೆಕ್ಟಿಕಟ್‌ನಿಂದ ನ್ಯೂಯಾರ್ಕಿನ ಇಲಿಯನ್‌ಗೆ ಬಂದಿತ್ತು.

2014ರಲ್ಲಿ ರೆಮಿಂಗ್ಟನ್ ಗುಂಪು ಅಲಬಾಮದ ಹಂಟ್ಸ್‌ವಿಲ್‌ನಲ್ಲಿ ಎಲ್ಲವನ್ನೂ ಒಟ್ಟುಗೂಡಿಸಲು ಹೊರಟಾಗ ಬಾಗಿಲು ಮುಚ್ಚಿದ್ದು ನ್ಯೂಯಾರ್ಕಿನ ಕೆಲವು ವಿಭಾಗಗಳು ಮಾತ್ರ ಅಲ್ಲ. ಯೂಟಾ, ನಾರ್ತ್ ಕೆರೊಲಿನಾ, ಜಾರ್ಜಿಯಾದ ಘಟಕಗಳೂ ಮುಚ್ಚಿದವು. ಅಲ್ಲಿನ ಕಾನೂನು ಬಂದೂಕಿನ ಪರವೇ ಇತ್ತು. ಆ ಸುದ್ದಿ ದೇಶದ ತುಂಬ ಹರಡಲಿಲ್ಲ, ಯಾಕೆಂದರೆ ಬಿಗಿ ಕಾನೂನು ತಂದರು ಕಾರ್ಖಾನೆ ಹೋಯಿತು ಎಂಬ ಕಥೆಗೆ ಅದು ಹೊಂದುವುದಿಲ್ಲ.

ಹಂಟ್ಸ್‌ವಿಲ್ ಕಥೆ

ಹಂಟ್ಸ್‌ವಿಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ವಲಸೆಯಲ್ಲಿ ಸರ್ಕಾರದ ದುಡ್ಡು ಹೇಗೆ ಹರಿಯುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

2007ರಲ್ಲಿ ರೆಮಿಂಗ್ಟನ್ ಅನ್ನು ಸೆರ್ಬೆರಸ್ ಎಂಬ ಹೂಡಿಕೆ ಸಂಸ್ಥೆ ಕೊಂಡಿತ್ತು. ಇನ್ನೂ ಹಲವು ಬಂದೂಕು ಬ್ರ್ಯಾಂಡ್‌ಗಳನ್ನು ಸೇರಿಸಿ ಒಂದು ಗುಂಪು ಮಾಡಿತು. ಗುಂಪಿನ ತಲೆಮೇಲೆ ದೊಡ್ಡ ಸಾಲ ಕೂತಿತು. 2014ರ ಫೆಬ್ರುವರಿಯಲ್ಲಿ ಹಂಟ್ಸ್‌ವಿಲ್‌ಗೆ ಬರುವ ಪ್ರಕಟಣೆ ಬಂತು. 11 ಕೋಟಿ ಡಾಲರ್ ಹೂಡಿಕೆ, ಹತ್ತು ವರ್ಷದಲ್ಲಿ 2,000 ಉದ್ಯೋಗ ಎಂಬ ಭರವಸೆ. ರಾಜ್ಯ, ನಗರ, ಕೌಂಟಿ ಸೇರಿ ಕೊಟ್ಟ ಸವಲತ್ತುಗಳ ಬೆಲೆ ಸುಮಾರು 7 ಕೋಟಿ ಡಾಲರ್. ವಿಮಾನ ನಿಲ್ದಾಣದ ಹತ್ತಿರ ಖಾಲಿ ಬಿದ್ದಿದ್ದ ದೊಡ್ಡ ಕಾರ್ಖಾನೆ ಕಟ್ಟಡ ಸಿಕ್ಕಿತು.

ಆಮೇಲೆ ಏನಾಯಿತು? 2016ರ ಚುನಾವಣೆಯಲ್ಲಿ ಟ್ರಂಪ್ ಗೆದ್ದರು. ಬಂದೂಕು ಕಾನೂನು ಬಿಗಿಯಾಗುತ್ತದೆ ಎಂಬ ಆತಂಕ ಹೋಯಿತು. ಆತಂಕ ಹೋದ ಕೂಡಲೇ ಕೊಳ್ಳುವ ಭರಾಟೆಯೂ ಇಳಿಯಿತು. ಈ ಉದ್ಯಮದ ವಿಚಿತ್ರ ಇದು, ತನ್ನ ಪರವಾದ ಸರ್ಕಾರ ಬಂದರೆ ವ್ಯಾಪಾರ ಬೀಳುತ್ತದೆ. 2018ರಲ್ಲಿ ರೆಮಿಂಗ್ಟನ್ ದಿವಾಳಿ ಕೋರ್ಟಿಗೆ ಹೋಯಿತು. 2020ರಲ್ಲಿ ಮತ್ತೊಮ್ಮೆ ಹೋಯಿತು. ಹಂಟ್ಸ್‌ವಿಲ್ ಕಾರ್ಖಾನೆ ಮುಚ್ಚಿತು. 2,000 ಉದ್ಯೋಗದ ಮಾತು ಅರ್ಧದಷ್ಟೂ ನಿಜವಾಗಲಿಲ್ಲ. ಕಂಪನಿಯನ್ನು ತುಂಡು ತುಂಡಾಗಿ ಹರಾಜು ಹಾಕಿದರು. ಗುಂಪಿನಲ್ಲಿದ್ದ ಮಾರ್ಲಿನ್, ರೂಗರ್ ಎಂಬ ಇನ್ನೊಂದು ಬಂದೂಕು ಕಂಪನಿಯ ಪಾಲಾಯಿತು. ರೆಮಿಂಗ್ಟನ್ ಬಂದೂಕಿನ ವಿಭಾಗ ಹೊಸ ಮಾಲೀಕರ ಕೈ ಸೇರಿತು. ಅದೇ ಹೊಸ ಮಾಲೀಕರು 2021ರ ನವೆಂಬರ್‌ನಲ್ಲಿ ಜಾರ್ಜಿಯಾದಲ್ಲಿ 10 ಕೋಟಿ ಡಾಲರ್ ಹೂಡಿ 856 ಉದ್ಯೋಗ ಕೊಡುವುದಾಗಿ ಪ್ರಕಟಿಸಿದರು.

ಒಂದು ರಾಜ್ಯಕ್ಕೆ ಕೊಟ್ಟ ಮಾತು ಮುರಿದುಬಿದ್ದು ಒಂದೆರಡು ವರ್ಷ ಆಗಿಲ್ಲ, ಪಕ್ಕದ ರಾಜ್ಯ ಅದೇ ಹೆಸರಿಗೆ ಕೆಂಪು ಹಾಸು ಹಾಸಿತು. ಇದು ನನಗೆ ತುಂಬಾ ಬೇಸರ ತರಿಸುವ ಸಂಗತಿ.

ರಾಜ್ಯಗಳ ಈ ಪೈಪೋಟಿ ನಮಗೂ ಹೊಸದಲ್ಲ. 2025ರ ಜುಲೈನಲ್ಲಿ ದೇವನಹಳ್ಳಿ ತಾಲೂಕಿನ ರೈತರ ದೀರ್ಘ ಹೋರಾಟದ ನಂತರ ಕರ್ನಾಟಕ ಸರ್ಕಾರ ಅಲ್ಲಿನ 1,777 ಎಕರೆ ಭೂಸ್ವಾಧೀನ ಕೈಬಿಟ್ಟಿತು. ಏರೋಸ್ಪೇಸ್ ಪಾರ್ಕಿಗಾಗಿ ಗುರುತಿಸಿದ್ದ ಜಾಗ ಅದು. ಪ್ರಕಟಣೆ ಬಂದ ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್ ಕಂಪನಿಗಳನ್ನು ತಮ್ಮ ರಾಜ್ಯಕ್ಕೆ ಕರೆದರು, ಜಾಗ ಸಿದ್ಧವಿದೆ ಎಂದರು. ಅಲ್ಲಿ ವಿಷಯ ಬಂದೂಕು, ಇಲ್ಲಿ ಜಮೀನು. ಆದರೆ ಒಂದು ರಾಜ್ಯದ ಜನ ತಮಗೆ ಬೇಕಾದ ತೀರ್ಮಾನ ಪಡೆದ ಕೂಡಲೇ ಪಕ್ಕದ ರಾಜ್ಯ ಅದನ್ನು ಅವಕಾಶ ಮಾಡಿಕೊಳ್ಳುವ ರೀತಿ ಒಂದೇ.

ಹೋಗಲು ಸಾಧ್ಯವಾಗಿದ್ದು ಹೇಗೆ

ಕೈಕಸುಬು ಹಿಡಿದಿಟ್ಟಿತ್ತು ಎಂದೆನಲ್ಲ, ಅದು ಸಡಿಲವಾಗಿದ್ದು ಯಂತ್ರಗಳಿಂದ. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಏನು ಮಾಡುತ್ತದೆ ಎಂದು ಹೇಳಬೇಕಾಗಿಲ್ಲ. ಮೂವತ್ತು ವರ್ಷ ಪಳಗಿದ ಕೈ ಮಾಡುತ್ತಿದ್ದ ಅಳತೆಯನ್ನು ಪ್ರೋಗ್ರಾಂ ಮಾಡುತ್ತದೆ. ಪಿಸ್ತೂಲಿನ ಚೌಕಟ್ಟು ಉಕ್ಕಿನಿಂದ ಪ್ಲಾಸ್ಟಿಕ್‌ಗೆ ಬಂತು, ಅದನ್ನು ಅಚ್ಚಿನಲ್ಲಿ ಎರಕ ಹೊಯ್ದರೆ ಸಾಕು. ಇವತ್ತಿನ ಸೇನಾ ಮಾದರಿಯ ರೈಫಲ್ ಅನ್ನು ಬೇರೆ ಬೇರೆ ಕಡೆ ತಯಾರಾದ ಭಾಗಗಳಿಂದ ಜೋಡಿಸಬಹುದು. ಜೋಡಿಸುವ ಕೆಲಸಕ್ಕೆ ಹೊಸಬರನ್ನು ಬೇಗ ತಯಾರು ಮಾಡಬಹುದು.

ಸ್ಮಿತ್ ಅಂಡ್ ವೆಸನ್ ಏನನ್ನು ಒಯ್ದಿತು, ಏನನ್ನು ಬಿಟ್ಟಿತು ಎಂಬುದರಲ್ಲೇ ಇದು ಕಾಣುತ್ತದೆ. ಮುಖ್ಯ ಕಚೇರಿ, ಪ್ಲಾಸ್ಟಿಕ್ ಅಚ್ಚಿನ ಕೆಲಸ, ಗೋದಾಮು ಮತ್ತು ಹೆಚ್ಚಿನ ಜೋಡಣೆ ಟೆನೆಸಿಗೆ ಹೋದವು. ಉಕ್ಕು ಕಾಯಿಸಿ ಬಡಿಯುವ ಕೆಲಸ, ಯಂತ್ರದಲ್ಲಿ ಕೊರೆಯುವ ಕೆಲಸ, ರಿವಾಲ್ವರ್ ಜೋಡಣೆ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಉಳಿದವು. ಕುಲುಮೆಯನ್ನೂ ಅದರ ಸುತ್ತಲಿನ ಅನುಭವವನ್ನೂ ಲಾರಿಗೆ ತುಂಬಿ ಒಯ್ಯುವುದು ಸುಲಭವಲ್ಲ.

ರೆಮಿಂಗ್ಟನ್‌ಗೆ ಇಲಿಯನ್‌ನ ಕಟ್ಟಡಗಳೇ ಹೊರೆಯಾಗಿದ್ದವು. ನೂರು ವರ್ಷದ ಹಿಂದಿನ ನಾಲ್ಕಂತಸ್ತಿನ ಇಟ್ಟಿಗೆ ಕಟ್ಟಡಗಳು. ಕಂಪನಿಯೇ ಅವುಗಳ ನಿರ್ವಹಣೆಯ ಖರ್ಚನ್ನು ಕಾರಣಗಳಲ್ಲಿ ಒಂದಾಗಿ ಹೇಳಿತ್ತು. ಸುದ್ದಿಗಳಲ್ಲಿ ಮಾತ್ರ ಕಾನೂನಿನ ಮಾತೇ ಮುಂದೆ ಬಂತು.

ನನಗೆ ಕಾಡುವುದು ಇಲಿಯನ್‌ನ ಜನ. ಆ ಭಾಗದಲ್ಲಿ ಬಹುತೇಕರು ಬೇಟೆಯಾಡುವವರು, ಬಂದೂಕು ಇಟ್ಟುಕೊಂಡವರು. ನ್ಯೂಯಾರ್ಕಿನ 2013ರ ಕಾನೂನನ್ನು ಅವರು ವಿರೋಧಿಸಿದ್ದರು. ಆ ಕಾನೂನು ತಂದವರನ್ನು ಬೈಯುತ್ತ ಕಂಪನಿ ಹೊರಟಾಗ ಕೆಲಸ ಕಳೆದುಕೊಂಡವರು ಅವರೇ. 2020ರ ದಿವಾಳಿಯಲ್ಲಿ ಸುಮಾರು 585 ಜನರನ್ನು ಒಂದೇ ಸಲ ತೆಗೆದಾಗ ಒಪ್ಪಂದದಂತೆ ಸಿಗಬೇಕಿದ್ದ ಹಣಕ್ಕಾಗಿ ಯೂನಿಯನ್ ಬೀದಿಗಿಳಿಯಬೇಕಾಯಿತು. ಅವರಲ್ಲಿ ಕೆಲವರು ಮತ್ತೆ ಕೆಲಸಕ್ಕೆ ಸೇರಿದರು. 2023ರ ನವೆಂಬರ್ ಕೊನೆಯಲ್ಲಿ ಮುಚ್ಚುವ ಪತ್ರ ಬಂತು.

ಇಷ್ಟಾದರೂ ಬಂದೂಕಿನ ಹರಿವು ಬದಲಾಗಿಲ್ಲ. ನ್ಯೂಯಾರ್ಕಿನಲ್ಲಿ ಅಪರಾಧಗಳಲ್ಲಿ ಸಿಕ್ಕಿಬೀಳುವ ಬಂದೂಕುಗಳಲ್ಲಿ ಹೆಚ್ಚಿನವು ಬೇರೆ ರಾಜ್ಯಗಳಲ್ಲಿ ಮೊದಲು ಮಾರಾಟವಾದವು. ದಕ್ಷಿಣದ ಸಡಿಲ ಕಾನೂನಿನ ರಾಜ್ಯಗಳಿಂದ ಇಂಟರ್‌ಸ್ಟೇಟ್ 95 ಹೆದ್ದಾರಿ ಹಿಡಿದು ಉತ್ತರಕ್ಕೆ ಬರುತ್ತವೆ. ಆ ದಾರಿಗೆ ಕಬ್ಬಿಣದ ಕೊಳವೆ ಎಂದೇ ಹೆಸರು ಬಿದ್ದಿದೆ. ಕಾರ್ಖಾನೆ ಇಲಿಯನ್‌ನಲ್ಲಿದ್ದರೂ ಲಾಗ್ರೇಂಜ್‌ನಲ್ಲಿದ್ದರೂ ಆ ಹೆದ್ದಾರಿಗೆ ವ್ಯತ್ಯಾಸವಿಲ್ಲ. ಕಾನೂನು ತಂದದ್ದಕ್ಕೇ ಉದ್ಯೋಗ ಹೋಯಿತು ಎಂದು ಶಾಸಕರನ್ನು ಹೆದರಿಸುವವರು ಇದನ್ನು ಹೇಳುವುದಿಲ್ಲ. ಕಾರ್ಖಾನೆ ಹೋದದ್ದು ಒಳ್ಳೆಯದಾಯಿತು ಎನ್ನುವವರೂ ಇದನ್ನು ಗಮನಿಸುವುದಿಲ್ಲ.

ಸ್ಮಿತ್ ಅಂಡ್ ವೆಸನ್ ಟೆನೆಸಿಯಲ್ಲಿ 12.5 ಕೋಟಿ ಡಾಲರ್ ಹೂಡುವುದಾಗಿ ಹೇಳಿತ್ತು. ಬ್ಲೌಂಟ್ ಕೌಂಟಿ ಜಾಗಕ್ಕೂ ಆಸ್ತಿ ತೆರಿಗೆಗೂ ರಿಯಾಯಿತಿ ಕೊಟ್ಟಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸುಮಾರು 550 ಕೆಲಸಗಳು ಹೋಗುತ್ತವೆ, ಸಾವಿರದಷ್ಟು ಉಳಿಯುತ್ತವೆ ಎಂದು ಕಂಪನಿ ಆಗ ಲೆಕ್ಕ ಕೊಟ್ಟಿತ್ತು. ಅದು ಕಾರಣವಾಗಿ ತೋರಿಸಿದ 2021ರ ಮಸೂದೆ ಆ ಅಧಿವೇಶನದಲ್ಲಿ ಪಾಸಾಗಲೇ ಇಲ್ಲ.